ಪೂರ್ಣ ಪ್ರಭಾರ

ಫೆಬ್ರವರಿ 9

ಅಕ್ಕಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ ಎಂದು ನೀನು ಬೈಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಬೈದುಕೋ. ಬೈಸಿಕೊಳ್ಳುವುದಕ್ಕೂ ನನಗೀಗ ಪುರುಸೊತ್ತಿಲ್ಲ.

ನಮ್ಮ ನೀರು ಶುದ್ಧೀಕರಣ ಘಟಕದ ಅಧಿಕಾರಿ ನಿವೃತ್ತರಾದ ದಿನ ಬೀಗದ ಕೈಗೊಂಚಲನ್ನು ನನ್ನ ಅಂಗೈಗೆ ಹಾಕಿ, "ಹೊಸಬರು ಬರೋವರೆಗೆ ನೋಡ್ಕೊಂಡಿರಮ್ಮ, ಹೆಚ್ಚಂದ್ರೆ ಒಂದು ತಿಂಗಳು" ಎಂದಿದ್ದರಲ್ಲ, ಆ ತಿಂಗಳು ಇನ್ನೂ ಮುಗಿದಿಲ್ಲ. ಎರಡನೇ ವರ್ಷ ನಡೆಯುತ್ತಿದೆ. ನಾನು ಸಂಬಳ ತೆಗೆದುಕೊಳ್ಳುವುದು ಪ್ರಯೋಗಾಲಯದ ಸಹಾಯಕಿಯಾಗಿ, ದುಡಿಯುವುದು ಅಧಿಕಾರಿಯಾಗಿ. ಬೆಳಿಗ್ಗೆ ಗಾಜಿನ ಜಾರುಗಳಲ್ಲಿ ರಾಡಿ ನೀರು ಕಲಕಿ, ಅದು ತಿಳಿಯಾಗಲು ಇವತ್ತು ಎಷ್ಟು ಪಟಿಕ ಹಾಕಬೇಕೆಂದು ಬರೆಯುವವಳೂ ನಾನೇ, ಕೈ ಒರೆಸಿಕೊಂಡು ಪಕ್ಕದ ಕೋಣೆಗೆ ಹೋಗಿ ಅದಕ್ಕೆ ಒಪ್ಪಿಗೆ ಕೊಡುವವಳೂ ನಾನೇ.

ಆದರೂ ಅಧಿಕಾರಿಯ ಕುರ್ಚಿಯಲ್ಲಿ ನಾನು ಕೂತಿಲ್ಲ. ಪಕ್ಕಕ್ಕೊಂದು ಸ್ಟೂಲ್ ಎಳೆದುಕೊಳ್ಳುತ್ತೇನೆ. ಪ್ರಭಾರದಲ್ಲಿರುವವರು, ಅಂದರೆ ಖಾಲಿ ಹುದ್ದೆಯ ಕೆಲಸ ನೋಡಿಕೊಳ್ಳುವವರು, ಕುರ್ಚಿಯಲ್ಲಿ ಕೂರುವಂತಿಲ್ಲ, ಸಹಿಯ ಮೇಲೆ 'ಪರವಾಗಿ' ಎಂದು ಬರೆಯಬೇಕು. ಇಲ್ಲಿ ಮೊದಲಿನಿಂದ ನಡೆದುಬಂದಿರುವುದೇ ಹಾಗೆ. ಸ್ವಲ್ಪ ಹೆಚ್ಚುಕಮ್ಮಿ ಎನಿಸಿದರೂ ದೊಡ್ಡ ಸಾಹೇಬರಿಗೆ, ನಮ್ಮ ವಿಭಾಗದ ಎಂಜಿನಿಯರಿಗೆ, ಫೋನ್ ಮಾಡಿ ಕೇಳುತ್ತೇನೆ. ಹೆಲ್ಪರ್ ಉದ್ದಣ್ಣನಿಗೆ ಇದೆಲ್ಲ ತಮಾಷೆ. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದ ಆ ಮನುಷ್ಯನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ನೆನಪಿಲ್ಲ. "ಅಮ್ಮಾ, ನೋಡ್ತಿರಿ, ಧೂಳು ಕೂತು ಕೂತು ಆ ಕುರ್ಚಿಗೇ ಪ್ರಮೋಷನ್ ಆಗತ್ತೆ, ನಿಮಗಾಗಲ್ಲ" ಎನ್ನುತ್ತಾನೆ.

ಭಾವ ಮುಖ್ಯ ಕಚೇರಿಯ ಸಿಬ್ಬಂದಿ ವಿಭಾಗದಲ್ಲೇ ಇದ್ದಾರಲ್ಲ, ಸ್ವಲ್ಪ ಕೇಳಿ ಹೇಳು. ಮೇಲಿನ ಹುದ್ದೆಯ ಕೆಲಸ ಮಾಡಿದವರಿಗೆ ಅದರ ಸಂಬಳದ ವ್ಯತ್ಯಾಸ ಕೊಡಬೇಕೆಂಬ ನಿಯಮ ಇದೆಯಂತೆ. ದುಡ್ಡು ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು. ಆದರೆ ಅದಕ್ಕಿಂತ ಹೆಚ್ಚಾಗಿ, ಇದು ಇವಳ ಕೆಲಸ ಎಂದು ಯಾರಾದರೂ ಒಂದು ಕಾಗದದಲ್ಲಿ ಬರೆದುಕೊಡಲಿ ಎಂದು ಆಸೆಯಾಗಿದೆ.

ನಿನ್ನ ಮೊಂಡಿ


ಫೆಬ್ರವರಿ 21

ಮೊಂಡಿ,

ಅಂತೂ ಬಾಯಿಬಿಟ್ಟೆಯಲ್ಲ, ಪುಣ್ಯ! ನಿನ್ನ ಭಾವ ಊಟಕ್ಕೆ ಕೂತಿದ್ದಾಗ ನಿನ್ನ ಕಾಗದ ಓದಿದೆ. ಅವರು ನಿನಗೆ ಗೊತ್ತಲ್ಲ, ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದರೆ ಕಣ್ಣು ಕಣ್ಣು ಬಿಡುತ್ತಾರೆ, ಯಾವ ನಿಯಮ ಯಾವ ಪುಟದಲ್ಲಿದೆ ಎಂದರೆ ಪಟಪಟ ಹೇಳುತ್ತಾರೆ. ಅನ್ನ ಆರಿ ಹೋಗುವವರೆಗೂ ಭಾಷಣ ನಡೆಯಿತು.

ಪ್ರಭಾರದಲ್ಲಿ ಎರಡು ಬಗೆಯಂತೆ. ನಿತ್ಯದ ಕೆಲಸ ಮಾತ್ರ ನೋಡಿಕೊಳ್ಳುವವರಿಗೆ ಚಿಕ್ಕಾಸೂ ಇಲ್ಲ. ಪೂರ್ಣ ಪ್ರಭಾರ ಎಂದು ತೋರಿಸಿದರೆ ವ್ಯತ್ಯಾಸದ ಸಂಬಳ ಕೊಡಲೇಬೇಕು. ನೀನು ಮಾಡಿಕೊಂಡಿರುವುದೆಲ್ಲ ಮೊದಲನೇ ಬಗೆಗೆ ಸಾಕ್ಷಿ. "ಸ್ಟೂಲ್ ಮೇಲೆ ಕೂತು 'ಪರವಾಗಿ' ಅಂತ ಬರೀತಿದ್ರೆ ಯಾರು ಕೊಡ್ತಾರೆ ಅವಳಿಗೆ? ಮೊದಲು ಕುರ್ಚೀಲಿ ಕೂರೋಕೆ ಹೇಳು. 'ಪರವಾಗಿ' ಬಿಡಲಿ. ಎಲ್ಲಕ್ಕಿಂತ ಮುಖ್ಯ, ಆ ಫೋನ್ ಮಾಡಿ ಕೇಳೋದು ನಿಲ್ಲಬೇಕು. ಒಂದ್ಸಲ ಕೇಳಿದ್ರೂ ಅಧಿಕಾರ ಅವಳದಲ್ಲ ಅಂತಾಯ್ತು. ತಾನೇ ತೀರ್ಮಾನ ಮಾಡ್ಲಿ, ದಿನಚರಿ ಪುಸ್ತಕದಲ್ಲಿ 'ನನ್ನ ತೀರ್ಮಾನದಂತೆ' ಅಂತ ಬರೀಲಿ." ಇದು ಅವರ ಮಾತು, ಒಂದಕ್ಷರ ನಾನು ಸೇರಿಸಿಲ್ಲ.

ಈಗ ನನ್ನ ಮಾತು ಕೇಳು. ಅಮ್ಮ ಹೋದಾಗಿನಿಂದ ನಿನ್ನನ್ನು ಬೆಳೆಸಿದವಳು ನಾನು. ಎಲ್ಲರ ಕೆಲಸ ಮೈಮೇಲೆ ಹಾಕಿಕೊಂಡು ಆಮೇಲೆ ಮೂಲೆ ಹುಡುಕಿಕೊಂಡು ನಿಲ್ಲುವುದು ನಿನ್ನ ಹುಟ್ಟುಗುಣ. ಸಾಕು. ನಾಳೆಯೇ ಆ ಕುರ್ಚಿ ಒರೆಸಿ ಕೂತುಕೋ.

ನಿನ್ನ ಅಕ್ಕ


ಏಪ್ರಿಲ್ 17

ಅಕ್ಕಾ,

ಕೂತೆ ಕಣೇ. ಮೊದಲ ದಿನ ಬೆನ್ನು ಆನಿಸಲೂ ಹೆದರಿಕೆ. ಉದ್ದಣ್ಣ ಟೀ ತಂದವನು ಬಾಗಿಲಲ್ಲೇ ನಿಂತು, ಲೋಟ ಎಡಗೈಗೆ ಬದಲಾಯಿಸಿ, ಬಲಗೈಯಲ್ಲಿ ಸೆಲ್ಯೂಟ್ ಹೊಡೆದ. "ಹೋಗಯ್ಯ, ಟೀ ಚೆಲ್ಲುತ್ತೆ" ಎಂದೆ. ಎರಡು ದಿನ ಅದನ್ನೇ ಎಲ್ಲರಿಗೂ ಮಾಡಿ ತೋರಿಸಿದ್ದಾನೆ.

'ಪರವಾಗಿ' ಬಿಟ್ಟಿದ್ದೇನೆ. ಫೋನ್ ಮಾಡುವುದನ್ನೂ ಬಿಟ್ಟಿದ್ದೇನೆ. ಕಷ್ಟವಾಯಿತು. ಸಾಹೇಬರು ಏನೂ ಹೇಳುತ್ತಿರಲಿಲ್ಲ, "ನೋಡಿ ಮಾಡಿ" ಎನ್ನುತ್ತಿದ್ದರು ಅಷ್ಟೇ. ಆದರೆ ಕೇಳಿದ್ದೇನೆ ಎಂಬ ಒಂದು ಧೈರ್ಯ ಇರುತ್ತಿತ್ತು. ಈಗ ಪಂಪ್ ನಿಲ್ಲಿಸಬೇಕಾದರೂ ನಾನೇ, ಓಡಿಸಬೇಕಾದರೂ ನಾನೇ. ನಿಜ ಹೇಳಬೇಕೆಂದರೆ ವಾರ ಕಳೆದ ಮೇಲೆ ಹಿಡಿಸಿತು.

ಭಾವ ಬರೆದುಕೊಟ್ಟ ಅರ್ಜಿಯನ್ನು ನನ್ನ ಕೈಯಲ್ಲೇ ನಕಲು ಮಾಡಿ ಕಳಿಸಿದ್ದೆ. ಉತ್ತರ ಬಂತು. 'ಸದರಿಯವರಿಗೆ ಖರೀದಿಯ ಅಧಿಕಾರವಿಲ್ಲದ ಕಾರಣ ಪೂರ್ಣ ಪ್ರಭಾರದಲ್ಲಿದ್ದಾರೆಂದು ಪರಿಗಣಿಸಲಾಗದು.' ಅದೇ ಟಪಾಲಿನಲ್ಲಿ ಇನ್ನೊಂದು ಕಾಗದವೂ ವಾಪಸು ಬಂತು. ಕ್ಲೋರಿನ್ ಕೋಣೆ ಇದೆಯಲ್ಲ, ಕ್ರಿಮಿ ಸಾಯಲೆಂದು ನೀರಿಗೆ ಬಿಡುವ ವಿಷಾನಿಲದ ಸಿಲಿಂಡರುಗಳನ್ನು ಇಟ್ಟಿರುವ ಜಾಗ, ಅಲ್ಲಿ ಸೋರಿದರೆ ಹಾಕಿಕೊಳ್ಳುವ ಮುಖವಾಡಗಳ ಶೋಧಕ ಡಬ್ಬಿಗಳು ಅವಧಿ ಮೀರಿವೆ. ಹೊಸದು ಕೊಡಿ ಎಂದು ಬರೆದಿದ್ದೆ. 'ಸಕ್ಷಮ ಅಧಿಕಾರಿಯ ಮೂಲಕ ಸಲ್ಲಿಸುವುದು' ಎಂದು ಗೀಚಿ ಕಳಿಸಿದ್ದಾರೆ. ಸಕ್ಷಮ ಅಧಿಕಾರಿಯ ಹುದ್ದೆ ಖಾಲಿ ಇದೆ, ಅದರಲ್ಲಿ ನಾನು ಕೂತಿದ್ದೇನೆ, ಆದರೆ ನಾನು ಅವರಲ್ಲ. ಯಾರ ಹತ್ತಿರ ಹೋಗಿ ತಲೆ ಚಚ್ಚಿಕೊಳ್ಳಲಿ?

ಸಿಟ್ಟು ನೆತ್ತಿಗೇರಿದೆ. ಭಾವನಿಗೆ ಹೇಳು, ಇನ್ನೊಂದು ಅರ್ಜಿ ಬರೆಯಲಿ. ಬಿಡುವುದಿಲ್ಲ.

ನಿನ್ನ ಮೊಂಡಿ


ಮೇ 2

ಮೊಂಡಿ,

ಬಿಡಬೇಡ. ಎರಡನೇ ಅರ್ಜಿ ಇದರ ಜೊತೆಗೇ ಇದೆ. 'ಎಲ್ಲ ತೀರ್ಮಾನಗಳನ್ನೂ ನಾನೊಬ್ಬಳೇ, ಯಾರನ್ನೂ ಕೇಳದೆ, ನನ್ನ ಸ್ವಂತ ಹೊಣೆಯ ಮೇಲೆ ತೆಗೆದುಕೊಂಡಿದ್ದೇನೆ' ಎಂಬ ಸಾಲನ್ನು ನಿನ್ನ ಭಾವ ಮೂರು ಸಲ ತಿದ್ದಿ ಬರೆದಿದ್ದಾರೆ. ಅದನ್ನು ಮಾತ್ರ ಬದಲಾಯಿಸಬೇಡ ಎಂದಿದ್ದಾರೆ. ಅದೇ ಅರ್ಜಿಯ ಜೀವವಂತೆ.

ಪಕ್ಕದ ಮನೆಯವಳ ಹತ್ತಿರ ನನ್ನ ತಂಗಿ ಇಡೀ ಊರಿಗೆ ನೀರು ಕೊಡುವ ಅಧಿಕಾರಿ ಎಂದು ಹೇಳಿಕೊಂಡು ಬಂದಿದ್ದೇನೆ. "ನಮ್ಮ ನಲ್ಲೀಲಿ ಮೂರು ದಿನದಿಂದ ನೀರಿಲ್ಲ, ಸ್ವಲ್ಪ ಹೇಳಿ ಅವರಿಗೆ" ಎಂದಳು. ಅದು ಬೇರೆ ಊರು ಕಣಮ್ಮ ಎಂದರೂ ಕೇಳಲಿಲ್ಲ.

ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ


ಜುಲೈ 11

ಅಕ್ಕಾ,

ಉದ್ದಣ್ಣ ಸತ್ತುಹೋದ.

ನೀನು ಪತ್ರಿಕೆಯಲ್ಲಿ ನೋಡಿರಬಹುದು. ಅದರಲ್ಲಿ ಬಂದಿರುವುದು ಅರ್ಧಂಬರ್ಧ. ನಡೆದದ್ದನ್ನು ನಿನಗೆ ಬರೆಯುತ್ತೇನೆ, ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಬೆಳಗಿನ ಸುತ್ತಿನಲ್ಲಿ ಒಂದು ಸಿಲಿಂಡರಿನ ವಾಲ್ವ್ ಹತ್ತಿರ ವಾಸನೆ ಬಂತು. ಅಮೋನಿಯಾ ಅದ್ದಿದ ಬಟ್ಟೆ ಹಿಡಿದರೆ ಬಿಳಿ ಹೊಗೆ ಎದ್ದಿತು. ಎದ್ದರೆ ಸೋರಿಕೆ ಎಂದರ್ಥ. ಹಾಗಾದಾಗ ನೀರು ಸರಬರಾಜು ನಿಲ್ಲಿಸಿ, ಕೋಣೆ ಮುಚ್ಚಿ, ಸಿಲಿಂಡರು ಕೊಟ್ಟವರ ತಂಡವನ್ನು ಕರೆಸಬೇಕು. ನಿಲ್ಲಿಸುವುದಕ್ಕೆ ದೊಡ್ಡ ಸಾಹೇಬರನ್ನು ಕೇಳುವುದು ವಾಡಿಕೆ. ನಾನು ಫೋನ್ ಎತ್ತಿಕೊಂಡೆ ಅಕ್ಕ. ಎರಡು ಅಂಕಿ ತಿರುಗಿಸಿಯೂ ಬಿಟ್ಟಿದ್ದೆ. ಅರ್ಜಿ ಅವರ ಮೇಜಿನ ಮೇಲಿದೆ, ಈಗ ಕೇಳಿದರೆ ಎಲ್ಲ ಮಣ್ಣುಪಾಲು ಎನಿಸಿತು. ಇಟ್ಟುಬಿಟ್ಟೆ. ಸಣ್ಣ ಸೋರಿಕೆ, ನಟ್ಟು ಬಿಗಿದರೆ ನಿಲ್ಲುತ್ತದೆ ಎಂದುಕೊಂಡೆ. ಹಿಂದೆಯೂ ಹಾಗೆ ನಿಂತದ್ದುಂಟು.

ಉದ್ದಣ್ಣನನ್ನು ಕರೆದು ನಟ್ಟು ಬಿಗಿಯಲು ಹೇಳಿದೆ. ಅವನು ಮುಖವಾಡ ತೆಗೆದುಕೊಳ್ಳುತ್ತಾ, "ಸಾಹೇಬರಿಗೆ ಒಂದು ಮಾತು ಕೇಳಿದ್ರಾ ಅಮ್ಮಾ?" ಎಂದ.

"ಇಲ್ಲಿ ಸಾಹೇಬರು ನಾನೇ ಅಲ್ವೇನಯ್ಯಾ" ಎಂದೆ.

ಅವನು ನಕ್ಕು ಸೆಲ್ಯೂಟ್ ಹೊಡೆದು ತಲೆ ತಗ್ಗಿಸಿ ಒಳಗೆ ಹೋದ. ನಾನು ದಿನಚರಿ ಪುಸ್ತಕ ತೆಗೆದು 'ನನ್ನ ತೀರ್ಮಾನದಂತೆ ದುರಸ್ತಿ' ಎಂದು ಬರೆದೆ. ಶಾಯಿ ಒಣಗುವ ಮೊದಲೇ ಕೂಗು ಕೇಳಿತು. ನಟ್ಟು ಕಿತ್ತುಬಂದಿತ್ತು. ಆ ಹಳೇ ಡಬ್ಬಿಯ ಮುಖವಾಡ ಏನು ತಡೆದೀತು? ಆದರೂ ವಾಲ್ವ್ ಮೇಲೆ ಮುಚ್ಚಳ ಬಿಗಿದೇ ಹೊರಗೆ ಬಂದ, ತನ್ನ ಕಾಲಮೇಲೆ ತಾನೇ ನಡೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತ. "ಏನಿಲ್ಲಮ್ಮಾ, ಸ್ವಲ್ಪ ಕೆಮ್ಮು" ಎಂದ. ಮಾರನೇ ದಿನ ಆಸ್ಪತ್ರೆಯಲ್ಲಿ ಹೋದ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತಂತೆ.

ನನಗೆ ಏನೂ ತೋಚುತ್ತಿಲ್ಲ.


ಜುಲೈ 15

ನನ್ನ ಕಂದಾ,

ನಿನ್ನ ಭಾವನಿಗೆ ರಜೆ ಸಿಗಲಿಲ್ಲ, ಇಲ್ಲದಿದ್ದರೆ ನಾವೇ ಬಂದುಬಿಡುತ್ತಿದ್ದೆವು. ನಟ್ಟು ಕಿತ್ತುಬಂದರೆ ನೀನೇನು ಮಾಡಲಾಗುತ್ತದೆ? ಮುಖವಾಡ ಕೊಡಿ ಎಂದು ನೀನು ಬರೆದಿರಲಿಲ್ಲವೇ? ಕೊಡದಿದ್ದವರು ಹಾಯಾಗಿದ್ದಾರೆ.

ಯಾರು ಏನು ತಂದರೂ ಸಹಿ ಹಾಕಬೇಡ. ಆ ಫೋನಿನ ವಿಷಯ ನನಗೆ ಬರೆದದ್ದನ್ನು ಇನ್ಯಾರಿಗೂ ಹೇಳಬೇಡ. ನನ್ನಾಣೆ.

ನಿನ್ನ ಅಕ್ಕ


ಆಗಸ್ಟ್ 20

ಅಕ್ಕಾ,

ನನ್ನ ಅರ್ಜಿ ಮಂಜೂರಾಗಿದೆ.

ನಗಬೇಡ, ಅಳಲೂಬೇಡ. ನಿನ್ನೆ ದೊಡ್ಡ ಸಾಹೇಬರೇ ಕಾರಿನಲ್ಲಿ ಬಂದು ಆದೇಶವನ್ನು ನನ್ನ ಕೈಗೆ ಕೊಟ್ಟರು. ಇಷ್ಟು ದಿನ "ಏನಮ್ಮಾ" ಎನ್ನುತ್ತಿದ್ದವರು "ಮೇಡಂ" ಎಂದರು. ಹಿಂದಿನ ಅಧಿಕಾರಿ ನಿವೃತ್ತರಾದ ದಿನದಿಂದಲೇ ಅನ್ವಯವಾಗುವಂತೆ ನಾನು ಪೂರ್ಣ ಪ್ರಭಾರದಲ್ಲಿದ್ದೆ, ಘಟಕದ ಎಲ್ಲ ಅಧಿಕಾರ, ಎಲ್ಲ ಹೊಣೆ ನನ್ನದಾಗಿತ್ತು ಎಂದಿದೆ. ಬಾಕಿ ಹಣ ಈ ತಿಂಗಳೇ ಬರುತ್ತದಂತೆ. ಏಪ್ರಿಲ್‌ನಲ್ಲಿ ಇಲ್ಲದ ಖರೀದಿಯ ಅಧಿಕಾರ ಈಗ ಎಲ್ಲಿಂದ ಬಂತು ಎಂದು ಕೇಳಿದೆ. "ನಿಮ್ಮ ಅರ್ಜೀಲೇ ಬರೆದಿದ್ದೀರಲ್ಲ ಮೇಡಂ, ಯಾರನ್ನೂ ಕೇಳದೆ ಅಂತ" ಎಂದು ಕಾರು ಹತ್ತಿದರು.

ಇನ್ನು ವಿಚಾರಣೆ, ಕೆಲಸ ಹೋಗುವುದು, ಪೊಲೀಸು, ಎಲ್ಲ ನನಗೇ. ಅವರ ಮೈಗೆ ಒಂದು ಹನಿಯೂ ತಾಗುವುದಿಲ್ಲ.

ಆದರೆ ಇನ್ನೊಂದು ವಿಷಯ ಇದೆ. ಉದ್ದಣ್ಣನ ಹೆಂಡತಿಯ ಜೊತೆ ಪರಿಹಾರದ ಅರ್ಜಿ ಹಿಡಿದು ಓಡಾಡುತ್ತಿದ್ದೇನೆ. ಅಧಿಕಾರವಿದ್ದವರ ಆದೇಶದ ಮೇಲೆ ಕೆಲಸಕ್ಕಿಳಿದು ಸತ್ತರೆ ಮಾತ್ರ ಪೂರ್ತಿ ಪರಿಹಾರ, ಹೆಂಡತಿಗೆ ಜೀವನಪೂರ್ತಿ ಪಿಂಚಣಿ. ಅಂದರೆ ನನ್ನ ಈ ಮಂಜೂರಾತಿ ಆದೇಶ ಉಳಿದರೆ ಆಕೆಗೆ ಸಿಗುತ್ತದೆ. ನನ್ನ ಕುತ್ತಿಗೆಗೆ ಬಂದದ್ದು ಆಕೆಯ ಹೊಟ್ಟೆಗಾಗುತ್ತದೆ. ನಾನು ವಾದ ಮಾಡಲು ಹೋಗುವುದಿಲ್ಲ. ಹೋಗು ಅಂದವಳು ನಾನೇ, ಅದು ನಿಜವೂ ಹೌದು.

ನಿನ್ನ ಮೊಂಡಿ


ಆಗಸ್ಟ್ 27

ಮೊಂಡಿ,

ನಿನಗೆ ತಲೆ ಕೆಟ್ಟಿದೆಯೇ? ಜೈಲಿಗೆ ಹೋಗುತ್ತೇನೆ ಎಂದು ಸಂತೆಗೆ ಹೋಗುವಷ್ಟು ಸಲೀಸಾಗಿ ಬರೆದಿದ್ದೀಯ!

ದಾರಿ ಇದೆ. ನಿನ್ನ ಭಾವ ಮೂರು ದಿನದಿಂದ ಊಟ ಬಿಟ್ಟು ಯೋಚಿಸಿದ್ದಾರೆ. ಅಪಘಾತಕ್ಕೂ ಮೊದಲೇ ನೀನು ಅರ್ಜಿ ಹಿಂದಕ್ಕೆ ಪಡೆದಿದ್ದೆ ಎಂದು ತೋರಿಸಿದರೆ ಆ ಆದೇಶ ಬಿದ್ದುಹೋಗುತ್ತದೆ. 'ನಾನು ನಿತ್ಯದ ಕೆಲಸ ಮಾತ್ರ ನೋಡಿಕೊಳ್ಳುತ್ತಿದ್ದೇನೆ, ಯಾವ ಅಧಿಕಾರವೂ ನನಗಿಲ್ಲ' ಎಂದು ಜೂನ್ ತಿಂಗಳ ತಾರೀಕು ಹಾಕಿ ನಾಲ್ಕು ಸಾಲು ಬರೆದು ಕಳಿಸು. ಕಡತಕ್ಕೆ ಸೇರಿಸುವುದು ಅವರ ಜವಾಬ್ದಾರಿ. ಆಗ ಎಲ್ಲ ಹೋಗಿ ಆ ಸಾಹೇಬರ ತಲೆಯ ಮೇಲೆ ಕೂರುತ್ತದೆ. ಪರಿಹಾರವನ್ನೂ ಅವರೇ ಕೊಡಲಿ.

ನಿನಗೆ ಜಡೆ ಹಾಕಿ ಶಾಲೆಗೆ ಕಳಿಸಿದ ಕೈ ಇದು. ನಿನ್ನನ್ನು ಕಂಬಿ ಹಿಂದೆ ನೋಡಲು ನನ್ನಿಂದಾಗುವುದಿಲ್ಲ. ಕಾಲು ಹಿಡಿಯುತ್ತೇನೆ, ಬರೆದು ಕಳಿಸು.

ಅಕ್ಕ


ಸೆಪ್ಟೆಂಬರ್ 3

ಅಕ್ಕಾ,

ಬರೆಯುವುದಿಲ್ಲ. ಸಾಹೇಬರ ಮೇಲೆ ಏನೂ ಕೂರುವುದಿಲ್ಲ, ಅವರ ವಿಷಯ ನಿನಗೆ ಗೊತ್ತಿಲ್ಲ. ಭಾವನಿಗೆ ಊಟ ಮಾಡಲು ಹೇಳು.

ನಿನ್ನ ಮೊಂಡಿ


ನವೆಂಬರ್ 12

ಅಕ್ಕಾ,

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ಸಿಟ್ಟು ಮಾಡಿಕೊಂಡಿದ್ದೀಯ ಎಂದುಕೊಂಡಿದ್ದೆ.

ಮೊನ್ನೆ ವಿಚಾರಣೆಯ ವರದಿ ಬಂತು. ಜೂನ್ ತಿಂಗಳಲ್ಲೇ ನಾನು ಅರ್ಜಿ ಹಿಂದಕ್ಕೆ ಪಡೆದ ಕಾಗದವೊಂದು ಕಡತದಲ್ಲಿ ಸಿಕ್ಕಿದೆಯಂತೆ. ಅದರ ಮೇಲೆ ಸಿಬ್ಬಂದಿ ವಿಭಾಗದ ಸ್ವೀಕೃತಿಯ ಮುದ್ರೆಯೂ ಇದೆ. ಆದ್ದರಿಂದ ಮಂಜೂರಾತಿ ರದ್ದು. ನನಗೆ ಯಾವ ಅಧಿಕಾರವೂ ಇರಲಿಲ್ಲ, ನನ್ನ ಮೇಲೆ ಆರೋಪವಿಲ್ಲ. ದೊಡ್ಡ ಸಾಹೇಬರನ್ನು ಯಾರೂ ಕೇಳಿರಲಿಲ್ಲ, ಅವರ ಮೇಲೂ ಇಲ್ಲ. ಹಾಗಾದರೆ ತಪ್ಪು ಯಾರದ್ದು ಎಂದರೆ, ಕೊನೆಯ ಪುಟ ನಕಲು ಮಾಡಿದ್ದೇನೆ, ಓದು. 'ಅಧಿಕಾರವಿಲ್ಲದವರ ಮಾತಿನ ಮೇಲೆ ಕೋಣೆಯೊಳಗೆ ಹೋದದ್ದು ಮೃತನ ಸ್ವಂತ ಅಜಾಗರೂಕತೆ. ಪರಿಹಾರಕ್ಕೆ ಅವಕಾಶವಿಲ್ಲ.'

ವಿಚಾರಣಾಧಿಕಾರಿ ಆ ಕಾಗದವನ್ನು ತೋರಿಸಿದರು. ಅಕ್ಷರ ನನ್ನದೇ ಎನ್ನಬೇಕು, ಅಷ್ಟು ಹೊಂದುತ್ತದೆ. ಕೈಬರಹ ಕಲಿಸುವಾಗ ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ತಿದ್ದಿಸಿದವಳು ಒಬ್ಬಳೇ. ನಾನಲ್ಲ ಎಂದು ಬಾಯಿ ತನಕ ಬಂತು, ಹೇಳಲಿಲ್ಲ. ಮೊದಲು ನಿನ್ನನ್ನು ಕೇಳುತ್ತಿದ್ದೇನೆ.

ನೀನೇನಾ?

ತಂಗಿ


ನವೆಂಬರ್ 18

ಮೊಂಡಿ,

ಹೌದು, ನಾನೇ ಬರೆದೆ. ಮುದ್ರೆ ಒತ್ತಿ ಒಳಗಿಟ್ಟವರು ನಿನ್ನ ಭಾವ. ಬೇಡ ಬೇಡ ಎನ್ನುತ್ತಿದ್ದರು, ಅತ್ತೂ ಕರೆದೂ ನಾನೇ ಮಾಡಿಸಿದೆ.

ನೀನು ಆಗಲೇ ಬರೆದಿದ್ದರೂ, ಆ ಹೆಂಗಸಿಗೆ ನಿಜವಾಗಿ ಹೀಗಾಗುತ್ತದೆ ಎಂದು ನಮಗೆ ಹೊಳೆದಿರಲಿಲ್ಲ. ಸಾಹೇಬರ ಮೇಲೆ ಹೋಗುತ್ತದೆ ಎಂದೇ ಅವರೂ ಲೆಕ್ಕ ಹಾಕಿದ್ದರು. ಸತ್ತವನ ಮೇಲೆ ಹೊರಿಸುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಕೈಲಾದದ್ದು ನಾವು ಕೊಡೋಣ, ತಿಂಗಳು ತಿಂಗಳು ಕಳಿಸೋಣ. ನಿನ್ನ ಭಾವನ ನಿವೃತ್ತಿ ಹತ್ತಿರ ಬಂತು. ಈಗ ಇದು ಹೊರಬಿದ್ದರೆ ಅವರು ಉಳಿಯುವುದಿಲ್ಲ, ಅವರ ಎದೆಯ ಸ್ಥಿತಿ ನಿನಗೆ ಗೊತ್ತು.

ಮಾಡಿದ್ದು ತಪ್ಪೇ ಇರಬಹುದು. ನೀನು ಹೊರಗಿದ್ದೀಯ, ನನಗಷ್ಟೇ ಸಾಕು. ಇನ್ನೊಂದು ಸಲ ಮಾಡು ಎಂದರೂ ಮಾಡುತ್ತೇನೆ.

ಈ ಕಾಗದ ಓದಿ ಹರಿದುಹಾಕು.

ನಿನ್ನ ಅಕ್ಕ


ಡಿಸೆಂಬರ್ 1

ಅಕ್ಕಾ,

ಉದ್ದಣ್ಣನ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಅವನ ಅಂಗಿ ಇನ್ನೂ ಮೊಳೆಗೆ ನೇತುಹಾಕಿದೆ. ಆಕೆ ನನಗೆ ಕುರ್ಚಿ ಕೊಟ್ಟು ತಾನು ನೆಲದ ಮೇಲೆ ಕೂತಳು. ನಾನೂ ಕೆಳಗೆ ಕೂತೆ. ವರದಿಯ ಪ್ರತಿ ಅವಳ ಮಡಿಲಲ್ಲಿತ್ತು. ಯಾರೋ ಓದಿ ಹೇಳಿದ್ದರು.

"ನೀವು ಹೇಳಿದ್ದಕ್ಕೇ ಹೋದ್ರು ಅಂತ ಆವತ್ತು ಆಸ್ಪತ್ರೇಲಿ ನೀವೇ ಅತ್ಕೊಂಡು ಹೇಳಿದ್ರಲ್ಲಮ್ಮ" ಎಂದಳು.

"ಹೌದು."

"ಇದರಲ್ಲಿ ನೋಡಿದ್ರೆ ನೀವು ಹೇಳಿದ್ದು ಆರ್ಡರೇ ಅಲ್ವಂತೆ. ಹಾಗಾದ್ರೆ ಏನು ಅದು?"

ಬೈಯಲಿಲ್ಲ ಕಣೇ ಅವಳು. ನಿಜವಾಗಿ ಕೇಳಿದಳು, ಗೊತ್ತಾಗದೆ. ದುಡ್ಡು ತೆಗೆದುಕೊಂಡು ಹೋಗಿದ್ದೆ, ನೀನು ಹೇಳಿದ ಹಾಗೆ. ಕೊಡಲು ಕೈ ಏಳಲಿಲ್ಲ. "ನಮ್ಮೆಜಮಾನ್ರು ಹೇಳದೆ ಕೇಳದೆ ನುಗ್ಗೋರಲ್ಲಮ್ಮ, ಎಲ್ರನ್ನೂ ಕೇಳಿನೇ ಮಾಡೋರು" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು.

ಅಲ್ಲಿಂದ ನೇರ ವಿಚಾರಣಾಧಿಕಾರಿಯ ಕಚೇರಿಗೆ ಹೋದೆ. ಜೂನ್ ತಿಂಗಳ ಕಾಗದ ನನ್ನದಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯೋಚನೆ ಮಾಡಿ ಮಾತಾಡಿ. ನೀವು ಬಚಾವಾಗಿ ಕೂತಿದ್ದೀರಿ. ನನ್ನದಲ್ಲ ಅಂದ್ರೆ ಎಲ್ಲ ವಾಪಸ್ ನಿಮ್ಮ ತಲೆಗೇ ಬರತ್ತೆ."

"ಬರಲಿ ಸಾರ್. ಕಳಿಸಿದ್ದು ನಾನೇ. ಫೋನ್ ಎತ್ತಿ ಇಟ್ಟಿದ್ದೂ ನಾನೇ" ಎಂದು ಎಲ್ಲ ಹೇಳಿದೆ.

"ಹಾಗಾದ್ರೆ ಈ ಕಾಗದ ಬರೆದವರು ಯಾರು?"

ಗೊತ್ತಿಲ್ಲ ಎನ್ನೋಣವೆಂದೇ ಹೋಗಿದ್ದೆ ಅಕ್ಕ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. "ಬರೆದವರು ಯಾರು ಅಂತ ಇಲ್ಲದೆ, ಬರೀ ನಿಮ್ಮ ಬಾಯಿಮಾತಿನ ಮೇಲೆ ನಾನು ವರದಿ ಬದಲಾಯಿಸೋಕಾಗಲ್ಲ. ಆ ಹೆಂಗಸಿಗೂ ಏನೂ ಸಿಗಲ್ಲ" ಎಂದರು.

ನಿನ್ನ ಹೆಸರು ಹೇಳಿದೆ. ಮುದ್ರೆ ಯಾರದು ಎಂದರು, ಭಾವನ ಹೆಸರನ್ನೂ ಹೇಳಿದೆ. ಸಾಕ್ಷಿ ಏನಿದೆ ಎಂದರು. ನೀನು ಹರಿದುಹಾಕು ಎಂದ ಕಾಗದ ನನ್ನ ಚೀಲದಲ್ಲೇ ಇತ್ತು, ತೆಗೆದುಕೊಟ್ಟೆ. ಅವರು ಓದಿ, ಮೂಲೆಯಲ್ಲಿ ಒಂದು ಸಂಖ್ಯೆ ಹಾಕಿ ಕಡತಕ್ಕೆ ಸೇರಿಸಿದರು.

ವಿಚಾರಣೆಯವರು ಈ ವಾರವೇ ನಿಮ್ಮ ಮನೆಗೆ ಬರಬಹುದು. ಭಾವನನ್ನು ಒಬ್ಬರನ್ನೇ ಬಿಡಬೇಡ, ಮಾತ್ರೆ ಕೈಗೆಟುಕುವ ಹಾಗಿಡು. ನೀನು ನನಗೋಸ್ಕರವೇ ಮಾಡಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನನಗೆ ಉತ್ತರ ಬರೆಯಬೇಡ ಅಕ್ಕ. ಬರೆದರೆ ಅದನ್ನೂ ಕೊಡಬೇಕಾಗುತ್ತದೆ.

ತಂಗಿ